ಮಂಜು ಕವಿದಾಗ ಲಾರಿ ನಿಲ್ಲಿಸೋದು ಯಾರ ನಿರ್ಧಾರ?

ತಿಪಟೂರಿನಿಂದ ದೆಹಲಿಗೆ ಕೊಬ್ಬರಿ ಲೋಡ್ ಒಯ್ಯುವ ಲಾರಿ ಚಾಲಕರೊಬ್ಬರು ಜನವರಿ ಕೊನೆಯಲ್ಲಿ ಹೆಂಡತಿಯ ಜೊತೆ ಸಲಹೆ ಕೇಳಲು ನನ್ನಲ್ಲಿಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಊರಿಗೆ ಮರಳಿದಾಗಿನಿಂದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮುಂದಿನ ಟ್ರಿಪ್‌ಗೆ ಓನರ್ ಫೋನ್ ಮಾಡಿದರೆ ಕೈ ನಡುಗುತ್ತಿತ್ತು. ‘ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಿದೀನಿ ಮೇಡಂ. ಈಗ ಹೆದರುಪುಕ್ಕಲ ಆಗ್ಬಿಟ್ನಾ?’ ಎಂದು ಕೇಳಿದರು.

ಆಗಿದ್ದು ಇಷ್ಟು. ಆಗ್ರಾ ದಾಟಿ ಮಥುರಾ ಕಡೆ ಹೋಗುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಬಾನೆಟ್ಟಿನ ಮುಂದೆ ಏನೂ ಕಾಣದಷ್ಟು ಮಂಜು. ಗಾಡಿ ನಿಲ್ಲಿಸಬೇಕು ಅನ್ನಿಸಿತ್ತು. ಅಷ್ಟರಲ್ಲಿ ಓನರ್ ಫೋನ್: ‘ಎಲ್ಲಿದ್ದೀಯಪ್ಪಾ? ಬೇರೆ ಗಾಡಿಗಳು ಓಡ್ತಾ ಇಲ್ವಾ?’ ಹೌದು, ಓಡುತ್ತಿದ್ದವು. ಇವರೂ ಮುಂದಿನ ಲಾರಿಯ ಕೆಂಪು ಲೈಟ್ ಹಿಡಿದುಕೊಂಡು ಹೊರಟರು. ಆ ಲಾರಿ ರಸ್ತೆಯಲ್ಲಿ ನಿಂತಿದ್ದ, ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿತು. ಇವರು ಸ್ಟೇರಿಂಗ್ ಎಡಕ್ಕೆ ಎಳೆದು ಹೇಗೋ ನಿಂತರು. ಕ್ಲೀನರ್ ಹುಡುಗನನ್ನು ಕೆಳಗಿಳಿಸಿ ಹೊಲದ ಕಡೆ ಓಡಿದರು. ಹಿಂದೆ ಗಾಡಿಗಳು ಒಂದಾದ ಮೇಲೊಂದು ಬಂದು ಗುದ್ದುವ ಸದ್ದು ಕೇಳುತ್ತಲೇ ಇತ್ತು. ಆ ಸದ್ದೇ ಈಗಲೂ ರಾತ್ರಿ ಎಬ್ಬಿಸುತ್ತದೆ.

ಮೊದಲು ಅವರ ಪ್ರಶ್ನೆಗೇ ಉತ್ತರ ಕೊಡಬೇಕಿತ್ತು. ಸುಮ್ನೆ ಧೈರ್ಯ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಒಂದು ಹಾಳೆ ಕೊಟ್ಟು ಲೆಕ್ಕ ಹಾಕಿಸಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗಿದ್ದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಅಂದರೂ 25 ಮೀಟರ್ ಮುಗಿಯಿತು. ‘ಆಮೇಲೆ ಲೋಡ್ ಗಾಡಿ ನಿಲ್ಲೋಕೆ ಇನ್ನೂ ಎಷ್ಟು ಬೇಕು?’ ಎಂದೆ. ‘ಅಷ್ಟರ ಮೇಲೇ ಬೇಕು’ ಎಂದರು. ಹವಾಮಾನ ಇಲಾಖೆ ಅತಿ ದಟ್ಟ ಮಂಜು ಅನ್ನುವುದು 50 ಮೀಟರ್ ಕೂಡ ಕಾಣದಿದ್ದಾಗ. ಆಗ್ರಾದಿಂದ ದೆಹಲಿ ಕಡೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಇತ್ತೀಚಿನ ಚಳಿಗಾಲಗಳಲ್ಲಿ ಭಾರಿ ವಾಹನಗಳಿಗೆ ಇಳಿಸಿದ ವೇಗದ ಮಿತಿ ಗಂಟೆಗೆ 60 ಕಿ.ಮೀ. ಅಂಥ ಮಂಜಿನಲ್ಲಿ ಅದೂ ಜಾಸ್ತಿಯೇ. ಅವರು ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಅವತ್ತು ನಿಲ್ಲು ಎಂದು ಹೇಳಿದ ಭಯದ ಲೆಕ್ಕ ಸರಿಯಾಗಿತ್ತು ಎಂದೆ.

ಹಾಗಾದರೆ ಯಾಕೆ ನಿಲ್ಲಲಿಲ್ಲ? ಇದರ ಮೇಲೆಯೇ ನಾವು ಜಾಸ್ತಿ ಮಾತಾಡಿದ್ದು. ಓನರ್ ಒತ್ತಡ ಒಂದು. ಟ್ರಿಪ್ ಲೆಕ್ಕದ ಸಂಬಳ ಇನ್ನೊಂದು: ನಿಂತ ದಿನಕ್ಕೆ ಬಾಟಾ (ದಿನದ ಭತ್ಯೆ) ಇಲ್ಲ. ಎಲ್ಲರೂ ಓಡುವಾಗ ತಾನೊಬ್ಬನೇ ನಿಂತರೆ ನಾಚಿಕೆ ಅನ್ನುವುದೂ ಇತ್ತು. ಆಗ ಹೆಂಡತಿ ಮೆಲ್ಲಗೆ ಹೇಳಿದರು, ‘ಸೊಸೈಟಿ ಸಾಲದ ಕಂತು ಹತ್ರ ಬಂತು, ಬೇಗ ಬನ್ನಿ ಅಂತ ನಾನೂ ಫೋನ್ ಮಾಡ್ತಿದ್ದೆ.’ ಅವರನ್ನು ದೂರಬೇಡಿ ಎಂದು ಚಾಲಕರಿಗೆ ಹೇಳಬೇಕಾಗಲಿಲ್ಲ. ಅವರೇ ಹೆಂಡತಿಯ ಕೈ ಹಿಡಿದುಕೊಂಡರು.

ರಾತ್ರಿಯಿಡೀ ಓಡಿಸಿ ದಣಿದ ಮನುಷ್ಯ, ನಾಲ್ಕು ಗಂಟೆಗೆ, ಕಿವಿಯಲ್ಲಿ ಫೋನ್ ಇಟ್ಟುಕೊಂಡು ಇಂಥ ನಿರ್ಧಾರ ಮಾಡುವ ಸ್ಥಿತಿಗೆ ಬರಲೇಬಾರದು. ಲೋಡ್ ಹಾಕುವ ಮೊದಲೇ ಅದು ತೀರ್ಮಾನ ಆಗಿರಬೇಕು. ನಾನು ಕೊಟ್ಟ ಸಲಹೆಯ ಬುಡ ಇದೇ.

ಗ್ವಾಲಿಯರ್‌ನಿಂದ ಮುಂದಿನ ದಾರಿಯನ್ನು ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ಹತ್ತು-ಹನ್ನೊಂದರ ಮೇಲೆ, ಬಿಸಿಲು ಬಂದ ಮೇಲೆ ಹಿಡಿಯಿರಿ. ಗಾಳಿ ಇಲ್ಲದ, ಮೋಡ ಇಲ್ಲದ ಚಳಿ ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಳಗಿನ ಜಾವಕ್ಕೇ ಮಂಜು ಹೆಚ್ಚು ದಟ್ಟ. ಅದಕ್ಕೆ ಮಂಜು ಕವಿಯುವ ಮೊದಲೇ ಬಂಕ್ ಅಥವಾ ಡಾಬಾದ ಒಳಗೆ ಗಾಡಿ ಹಾಕಿ. ಇಂಡಿಕೇಟರ್ ಹಾಕಿ ರಸ್ತೆ ಅಂಚಿನಲ್ಲಿ ನಿಲ್ಲಲೇಬೇಡಿ. ಹಿಂದಿನವರು ನಿಮ್ಮ ಲೈಟ್ ನೋಡಿ ಗಾಡಿ ಓಡುತ್ತಿದೆ ಎಂದುಕೊಂಡು ಬಂದು ಗುದ್ದುತ್ತಾರೆ. ಮಧ್ಯದಲ್ಲಿ ಸಿಕ್ಕಿಬಿದ್ದರೆ ಡಿಮ್ ಲೈಟಿನಲ್ಲಿ ನಿಧಾನವಾಗಿ ಒಳ್ಳೆ ಜಾಗದವರೆಗೆ ಮಾತ್ರ ಹೋಗಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಇದೆಲ್ಲ ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಗೊತ್ತಿದ್ದನ್ನು ಬಾಯಿಬಿಟ್ಟು ಹೇಳಿ ನಿಯಮ ಮಾಡಿಕೊಂಡದ್ದಷ್ಟೇ ಹೊಸದು.

ಓನರ್ ಹತ್ತಿರ ಆಡುವ ಮಾತನ್ನೂ ಅಭ್ಯಾಸ ಮಾಡಿದೆವು. ‘ನಿಲ್ಲಿಸ್ಲಾ ಸಾರ್?’ ಅಂದರೆ ನಿರ್ಧಾರ ಅವರ ಕೈಗೆ ಹೋಯಿತು. ‘ಸಾರ್, ಮುಂದೆ ಏನೂ ಕಾಣ್ತಿಲ್ಲ. ಬಂಕಲ್ಲಿ ಹಾಕಿದೀನಿ. ಮಂಜು ಬಿಟ್ಮೇಲೆ ಹೊರಡ್ತೀನಿ, ಹೊರಟಾಗ ಫೋನ್ ಮಾಡ್ತೀನಿ.’ ಇಷ್ಟೇ. ಕೂಡಲೇ ಒಂದು ಫೋಟೋ, ಲೊಕೇಶನ್ ಕಳಿಸುವುದು.

ಅವರು ಒಪ್ಪಿದ ಮೇಲೆ ಓನರ್ ಜೊತೆಗೂ ಮಾತಾಡಿದೆ. ಕೆಟ್ಟ ಮನುಷ್ಯರಲ್ಲ, ಅವರಿಗೂ ಲಾರಿ ಸಾಲದ ಕಂತಿದೆ. ಆದರೆ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ (ನಿರ್ಲಕ್ಷ್ಯದಿಂದ ಸಾವು) ಕೇಸು ಬೀಳುವುದು ಚಾಲಕರ ಮೇಲೆ. ಅಪಾಯಕಾರಿ ಚಾಲನೆಗೆ ಕುಮ್ಮಕ್ಕು ಕೊಟ್ಟವರಿಗೂ ಮೋಟಾರು ವಾಹನ ಕಾಯ್ದೆಯ 188ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಕಾನೂನಿನ ಪ್ರಕಾರ ಚಾಲಕರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48. ಇದನ್ನು ಬೆದರಿಕೆಯಾಗಿ ಹೇಳಲಿಲ್ಲ. ಕೊಬ್ಬರಿ ಒಂದು ದಿನ ತಡವಾದರೆ ಕೊಳೆಯುವುದಿಲ್ಲ ಅಲ್ವಾ ಎಂದು ಕೇಳಿದೆ. ಮಂಜಿನ ಆ ಎರಡು ತಿಂಗಳು ಬುಕಿಂಗ್‌ನಲ್ಲೇ ಒಂದು ದಿನ ಹೆಚ್ಚು ಕೇಳುತ್ತೇನೆ ಎಂದರು ಓನರ್.

ನಿದ್ದೆಯ ವಿಷಯಕ್ಕೆ ಬಂದರೆ, ಕೆಟ್ಟ ಕನಸು, ನಡುಕ ಒಂದು ತಿಂಗಳಾದರೂ ಬಿಡದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದಿದ್ದೆ. ಅವರು ಜಿಲ್ಲಾ ಆಸ್ಪತ್ರೆಗೆ ಹೋದರು, ಔಷಧಿಯೂ ಸಿಕ್ಕಿತು. ಮಾತ್ರೆ ತಿಂದ ಮೇಲೆ ಮಂಪರು ಇದ್ದರೆ ಲಾರಿ ಮುಟ್ಟಬಾರದು, ವೈದ್ಯರಿಗೆ ತಮ್ಮ ಕೆಲಸ ಏನೆಂದು ಮೊದಲೇ ಹೇಳಬೇಕು ಎಂದು ಎಚ್ಚರಿಸಿದೆ. ದಾರಿಯಲ್ಲಿ ಮನಸ್ಸು ಕೆಟ್ಟರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅವರ ಫೋನಿನಲ್ಲಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮುಂದಿನ ಡಿಸೆಂಬರ್‌ನಲ್ಲಿ ಅವರು ಧೋಲ್‌ಪುರದ ಬಂಕ್ ಒಂದರಲ್ಲಿ ರಾತ್ರಿ ನಿಂತು, ಬಿಸಿಲು ಬಂದ ಮೇಲೆ ಹೊರಟರು. ದೆಹಲಿಯಲ್ಲಿ ಸಿಗಬೇಕಿದ್ದ ರಿಟರ್ನ್ ಲೋಡ್ ತಪ್ಪಿತು. ಓನರ್ ರೇಗಿದರು, ಕೆಲಸದಿಂದ ಬಿಡಿಸಲಿಲ್ಲ. ನಿಂತ ದಿನದ ಬಾಟಾ ಮಾತ್ರ ಅರ್ಧವೇ ಕೊಟ್ಟಿದ್ದಾರೆ. ಪೂರ್ತಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಭೇಟಿಗೆ ಇಬ್ಬರನ್ನೂ ಕರೆದಿದ್ದೇನೆ.