ಬಿರುಮಳೆಯಲ್ಲಿ ನಿಂತ ಪಯಣ, ತೋಳಲ್ಲಿ ಅಳುವ ಕಂದ

ಪ್ರಶ್ನೆ: ನಮ್ಮ ಮಗಳಿಗೆ ಈಗ 22 ತಿಂಗಳು. ಎರಡು ತಿಂಗಳ ಹಿಂದೆ ಮೂವರೂ ವಿಮಾನದಲ್ಲಿ ಹೊರಟಿದ್ದಾಗ ಗುಡುಗು ಮಿಂಚಿನ ಮಳೆಯಿಂದಾಗಿ, ವಿಮಾನ ಬದಲಿಸಬೇಕಿದ್ದ ನಿಲ್ದಾಣದಲ್ಲಿ 11 ಗಂಟೆ ಸಿಕ್ಕಿಕೊಂಡೆವು. ‘ಇನ್ನು ಒಂದು ಗಂಟೆ’ ಎಂದು ಮತ್ತೆ ಮತ್ತೆ ಹೇಳುತ್ತಲೇ ಇದ್ದು, ಕಡೆಗೆ ನಡುರಾತ್ರಿ ವಿಮಾನವನ್ನೇ ರದ್ದು ಮಾಡಿದರು. ಡಯಾಪರ್ ಮುಗಿದಿತ್ತು, ಬದಲಿ ಬಟ್ಟೆಗಳೆಲ್ಲ ಸರಕಿಗೆ ಹಾಕಿದ ಪೆಟ್ಟಿಗೆಯಲ್ಲಿದ್ದವು. ಅತ್ತು ಅತ್ತು ಸೋತಿದ್ದ ಮಗುವಿನ ಮೇಲೆ ನಾನು ಕೂಗಾಡಿದೆ; ಅದು ಇಂದಿಗೂ ಮನಸ್ಸನ್ನು ಚುಚ್ಚುತ್ತಿದೆ. ಮುಂದಿನ ತಿಂಗಳು ಅಷ್ಟೇ ದೂರ ಮತ್ತೆ ಹೋಗಬೇಕಿದೆ, ಹವಾಮಾನವನ್ನು ನೆಚ್ಚುವಂತಿಲ್ಲ. ಪ್ರಯಾಣವನ್ನೇ ಕೈಬಿಡುವುದು ಒಳ್ಳೆಯದೆ?
— ಹೆಸರು ಬೇಡವೆಂದ ತಾಯಿ

ಉತ್ತರ: ನಿಮ್ಮನ್ನು ನಿಜವಾಗಿ ದಣಿಸಿದ್ದು ‘ಇನ್ನು ಒಂದು ಗಂಟೆ’ ಎಂಬ ಆ ಮಾತು ಎಂದು ನನಗೆ ತೋರುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಮಿಂಚು ಹತ್ತಿರ ಸುಳಿದಾಗ ವಿಮಾನ ನಿಲ್ಲುವ ಅಂಗಳದಿಂದ ಕೆಲಸಗಾರರನ್ನು ಒಳಕ್ಕೆ ಕರೆಸಿಕೊಳ್ಳುತ್ತಾರೆ. ಆಗ ಸರಕು ಏರಿಸುವುದು, ಇಂಧನ ತುಂಬುವುದು ಎಲ್ಲವೂ ನಿಲ್ಲುತ್ತದೆ. ಮತ್ತೊಂದು ಮಿಂಚು ಕಂಡರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಳೆ ನಿಂತ ಮೇಲೂ ಸರದಿಯಲ್ಲಿ ಹತ್ತಾರು ವಿಮಾನಗಳಿರುತ್ತವೆ, ನೀವು ಏರಬೇಕಾದ ವಿಮಾನವೇ ಬೇರೆ ಊರಿನಲ್ಲಿ ಸಿಕ್ಕಿಕೊಂಡಿರಬಹುದು, ಇಷ್ಟರೊಳಗೆ ಪೈಲಟ್‌ಗಳಿಗೆ ನಿಯಮದಂತೆ ನಿಗದಿಯಾದ ಕೆಲಸದ ಅವಧಿಯೂ ಮುಗಿದುಹೋಗಬಹುದು. ಹೊರಗೆ ಆಕಾಶ ತಿಳಿಯಾದರೂ ವಿಮಾನ ರದ್ದಾಗುವುದು ಇದರಿಂದಲೇ. ಹಾಗಾಗಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಪ್ರಕಟಣೆಗೆ ಬಿಡದೆ, ಮಗು ಮಲಗುವ ಹೊತ್ತನ್ನು ನೋಡಿ ನೀವೇ ತೀರ್ಮಾನಿಸಿ. ಅದಕ್ಕೆ ಎರಡು ಗಂಟೆ ಮೊದಲೇ ಸಿಬ್ಬಂದಿಯ ಬಳಿ ಹೋಗಿ, ‘ನಮ್ಮನ್ನು ಕರೆದೊಯ್ಯುವ ವಿಮಾನ ಇಲ್ಲಿಗೆ ಬಂದಿಳಿದಿದೆಯೆ? ಪೈಲಟ್‌ಗಳ ಅವಧಿ ಸಾಕಾಗುತ್ತದೆಯೆ?’ ಎಂದು ನೇರವಾಗಿ ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಮರುದಿನದ ವಿಮಾನಕ್ಕೆ ಬದಲಿಸಿಕೊಂಡು ಕೊಠಡಿ ಹಿಡಿಯಿರಿ. ನನ್ನ ಮಗ ಚಿಕ್ಕವನಿದ್ದಾಗ ಇಂಥದೇ ಒಂದು ರಾತ್ರಿ, ವಿಮಾನ ಇನ್ನೇನು ಹೊರಡುತ್ತದೆಂಬ ಆಸೆಯಲ್ಲಿ ನಾವು ನಿಲ್ದಾಣದಿಂದ ತಡವಾಗಿ ಹೊರಟೆವು. ಅಷ್ಟು ಹೊತ್ತಿಗೆ ಹತ್ತಿರದ ಕೊಠಡಿಗಳೆಲ್ಲ ತುಂಬಿ, ಅವನು ನೆಲದ ಮೇಲೆ ಹಾಸಿದ ಶಾಲಿನಲ್ಲೇ ಮಲಗಬೇಕಾಯಿತು. ಅಂದಿನಿಂದ ಮೊದಲೇ ಹೊರಟು ಕೊಠಡಿ ಹಿಡಿಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಒಬ್ಬರು ಸರದಿಯಲ್ಲಿ ನಿಂತೇ ಸಹಾಯವಾಣಿಗೂ ಕರೆ ಮಾಡುತ್ತಿರಲಿ, ಇನ್ನೊಬ್ಬರು ಮಗುವಿನೊಂದಿಗೆ ಸರದಿಯಿಂದ ದೂರವೇ ಇರಲಿ. ಟಿಕೆಟ್ ಬದಲಿಸಿದ ಮೇಲೆ ಹೊಸ ಟಿಕೆಟ್‌ನಲ್ಲಿ ಮಗುವಿನ ಹೆಸರೂ ಇದೆಯೇ ಎಂದು ಅಲ್ಲೇ ಖಚಿತಪಡಿಸಿಕೊಳ್ಳಿ, ಏಕೆಂದರೆ ಮಡಿಲಲ್ಲಿ ಕೂರುವ ಮಗುವಿನ ಹೆಸರು ಈ ಗಡಿಬಿಡಿಯಲ್ಲಿ ಬಿಟ್ಟುಹೋಗುವುದುಂಟು. ನಿಮ್ಮ ಮಗಳು ಎರಡು ವರ್ಷದ ಹೊಸ್ತಿಲಲ್ಲಿದ್ದಾಳೆ. ಹಿಂದಿರುಗುವ ದಿನ ಅವಳಿಗೆ ಎರಡು ತುಂಬಿದ್ದರೆ ಪ್ರತ್ಯೇಕ ಆಸನ ಬೇಕಾಗುತ್ತದೆ ಎಂಬುದೂ ನೆನಪಿರಲಿ. ಹವಾಮಾನದಿಂದಾದ ತೊಂದರೆಗೆ ಸಾಮಾನ್ಯವಾಗಿ ಪರಿಹಾರಧನ ಸಿಗುವುದಿಲ್ಲ, ಆದರೆ ಊಟ ಮತ್ತು ವಸತಿಯ ಮಾತು ಬೇರೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ 261/2004 ನಿಯಮದಲ್ಲಿ ಕೆಟ್ಟ ಹವೆಯ ಕಾರಣಕ್ಕೆ ಪರಿಹಾರಧನದಿಂದ ವಿನಾಯಿತಿ ಇದ್ದರೂ, ಕಾಯುವವರ ಊಟ, ವಸತಿಯ ಹೊಣೆ ವಿಮಾನಯಾನ ಸಂಸ್ಥೆಯ ಮೇಲೆಯೇ ಉಳಿಯುತ್ತದೆ. ನೀವು ಹೋಗುವ ಕಡೆಯ ನಿಯಮವನ್ನು ಹೊರಡುವ ಮೊದಲೇ ಓದಿಕೊಳ್ಳಿ.

ಕೈಚೀಲದ ವಿಷಯ. ಪ್ರಯಾಣಕ್ಕೆ ಬೇಕಾದಷ್ಟು ಡಯಾಪರ್ ಎಣಿಸಿ, ಅದರ ಮೇಲೆ ಇಡೀ ಒಂದು ದಿನಕ್ಕೆ ಸಾಲುವಷ್ಟು ಸೇರಿಸಿ. ಮಗುವಿಗೆ ಎರಡು ಜೊತೆ ಬಟ್ಟೆಯಲ್ಲದೆ ನಿಮಗಿಬ್ಬರಿಗೂ ಒಂದೊಂದು ಮೇಲಂಗಿ ಇರಲಿ. ವಾಂತಿಯಾದಾಗ ಒದ್ದೆಯಾಗುವುದು ಎತ್ತಿಕೊಂಡವರ ಬಟ್ಟೆಯೂ ಹೌದು. ಜ್ವರದ ಔಷಧಿ, ಮಗುವಿನ ಈಗಿನ ತೂಕಕ್ಕೆ ವೈದ್ಯರು ಬರೆದುಕೊಟ್ಟ ಪ್ರಮಾಣದ ಚೀಟಿ, ಓಆರ್‌ಎಸ್ ಪೊಟ್ಟಣ, ಇವು ಎಂದಿಗೂ ಸರಕಿಗೆ ಹೋಗಬಾರದು. ಪುಡಿ ಹಾಲು ಕುಡಿಯುವ ಮಗುವಾದರೆ ಮೊದಲೇ ಕಲಸಿಡಬೇಡಿ: ಕಲಸಿದ ಹಾಲನ್ನು ಎರಡು ಗಂಟೆಯೊಳಗೆ, ಮಗು ಬಾಯಿಟ್ಟ ಮೇಲೆ ಒಂದು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅಳತೆ ಮಾಡಿದ ಪುಡಿಯನ್ನೂ ಸುರಕ್ಷಿತ ನೀರನ್ನೂ ಬೇರೆ ಬೇರೆ ಒಯ್ಯಿರಿ. ಪುಡಿ ಕಡಿಮೆಯಾಯಿತೆಂದು ನೀರು ಹೆಚ್ಚು ಬೆರೆಸಿ ಕುಡಿಸುವುದು ಅಪಾಯಕರ. ಕಾಯುವಾಗ ನೀರು ಕುಡಿಸಲು ಮರೆಯುವುದು ಸುಲಭ. ಆರು ಗಂಟೆ ಕಳೆದರೂ ಡಯಾಪರ್ ಒದ್ದೆಯಾಗದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಬಾಯಿ ಒಣಗಿ ಮಗು ಮಂಕಾಗಿದ್ದರೆ, ವಿಮಾನದ ಯೋಚನೆ ಬಿಟ್ಟು ನಿಲ್ದಾಣದ ವೈದ್ಯಕೀಯ ಸಹಾಯ ಕೇಳಿ.

ಇನ್ನು ನಿಮ್ಮನ್ನು ಚುಚ್ಚುತ್ತಿರುವ ವಿಷಯ. ಈ ವಯಸ್ಸಿನ ಮಗುವಿಗೆ ಗಂಟೆಯ ಲೆಕ್ಕ ತಿಳಿಯದು. ಒಂದಾದ ಮೇಲೊಂದು ನಡೆಯುವುದು ಮಾತ್ರ ತಿಳಿಯುತ್ತದೆ. ‘ಮೊದಲು ಕೈ ತೊಳೆಯೋಣ, ಆಮೇಲೆ ಕಿಟಕಿಯಲ್ಲಿ ಮಳೆ ನೋಡೋಣ, ಆಮೇಲೆ ತಾಚಿ’ ಎಂದು ಹೇಳಿ, ಹೇಳಿದ ಕ್ರಮದಲ್ಲೇ ನಡೆದರೆ ಮಗು ಅಷ್ಟನ್ನು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಹೊದೆಯುವ ಅದೇ ಹೊದಿಕೆ, ಮಲಗಿಸುವಾಗ ಹಾಡುವ ಅದೇ ಹಾಡು ಅಂಥ ರಾತ್ರಿಯಲ್ಲಿ ಬಹಳ ಕೆಲಸ ಮಾಡುತ್ತವೆ. ಮೊಬೈಲ್ ತೋರಿಸಿದ್ದಕ್ಕೆ ಅಂದು ಯಾರೂ ಲೆಕ್ಕ ಕೇಳಬೇಕಾಗಿಲ್ಲ. ಸಹನೆ ತಪ್ಪುತ್ತಿದೆ ಎನಿಸಿದ ಕ್ಷಣವೇ ಮಗುವನ್ನು ಪತಿಯ ಕೈಗಿತ್ತು ಕಾಲು ಗಂಟೆ ದೂರ ನಡೆದು ಬನ್ನಿ. ಅದನ್ನು ಸಾಧ್ಯವಾಗಿಸುವುದು ಅವರ ಹೊಣೆಯೂ ಹೌದು. ಹನ್ನೊಂದು ಗಂಟೆ ಹಸಿದು, ನಿದ್ದೆಗೆಟ್ಟು ಹೊತ್ತು ತಿರುಗಿದ ತಾಯಿ ಒಮ್ಮೆ ಕೂಗಿದರೆ ಮಗುವಿನ ನಂಬಿಕೆ ಒಡೆದುಹೋಗುವುದಿಲ್ಲ. ಮತ್ತೆ ಹಾಗಾದರೆ ಅಪ್ಪಿಕೊಂಡು ‘ಅಮ್ಮ ಜೋರಾಗಿ ಕೂಗಿದಳು, ತಪ್ಪಾಯಿತು’ ಎಂದು ಹೇಳಿ, ಅವಳಿಗೆ ಅದು ಅರ್ಥವಾಗುತ್ತದೆ.

ಪ್ರಯಾಣವನ್ನು ಕೈಬಿಡಬೇಕಾಗಿಲ್ಲ, ಟಿಕೆಟ್ ಆರಿಸುವ ಬಗೆಯನ್ನು ಬದಲಿಸಿ. ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಕಟ್ಟಿಕೊಳ್ಳುವುದರಿಂದಲೂ, ದಿನವಿಡೀ ಸೇರುತ್ತ ಹೋಗುವ ವಿಳಂಬ ಮುಂಜಾನೆ ಇನ್ನೂ ಇರದಿರುವುದರಿಂದಲೂ, ದಿನದ ಮೊದಲ ನೇರ ವಿಮಾನವೇ ಮಗುವಿರುವವರಿಗೆ ಒಳಿತು. ಚಂಡಮಾರುತದ ಅಥವಾ ಭಾರಿ ಹಿಮಪಾತದ ಎಚ್ಚರಿಕೆ ಬಂದಿದ್ದರೆ ಮಾತ್ರ ಹಿಂದೆಮುಂದೆ ನೋಡದೆ ದಿನಾಂಕ ಬದಲಿಸಿ; ಅಂಥ ದಿನಗಳಲ್ಲಿ ಹಲವು ಸಂಸ್ಥೆಗಳು ಬದಲಾವಣೆಯ ಶುಲ್ಕವನ್ನು ಬಿಟ್ಟುಕೊಡುತ್ತವೆ.

ಪ್ರಶ್ನೆ: ಎರಡೂವರೆ ವರ್ಷದ ಮಗನೊಂದಿಗೆ ನಾವು ಕಾರಿನಲ್ಲೇ ದೂರ ಹೋಗುತ್ತೇವೆ. ಕೆಟ್ಟ ಹವೆಯಲ್ಲಿ ಮುಖ್ಯವಾಗಿ ಯಾವುದಕ್ಕೆ ಹೆದರಬೇಕು?
— ಒಬ್ಬ ತಂದೆ

ಉತ್ತರ: ರಸ್ತೆಯ ಮೇಲೆ ಹರಿಯುವ ನೀರಿಗೆ. ಸುಮಾರು 30 ಸೆಂಟಿಮೀಟರ್ ಆಳದ ಹರಿವು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಆದರೆ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ; ಮೇಲಾಗಿ ಕೆಳಗೆ ರಸ್ತೆ ಉಳಿದಿದೆಯೇ ಎಂಬುದು ಚಾಲಕನಿಗೆ ಕಾಣುವುದಿಲ್ಲ. ಮುಂದಿನ ವಾಹನ ದಾಟಿತೆಂದು ನೀವೂ ಕಾರನ್ನು ನೀರಿಗಿಳಿಸಬೇಡಿ, ಹಿಂದಿರುಗಿ. ಹಿಮದಲ್ಲಿ ಸಿಕ್ಕಿಕೊಂಡರೆ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷದಷ್ಟೇ ಓಡಿಸಿ, ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆದ್ದರಿಂದ ದಾರಿ ವಿಚಾರಿಸಲು ಇಳಿಯುವಾಗಲೂ ಮಗುವನ್ನು ಒಳಗೆ ಬಿಡಬೇಡಿ. ಚಳಿಯಲ್ಲಿ ದಪ್ಪ ಜಾಕೆಟ್ ತೊಡಿಸಿಯೇ ಮಗುವಿನ ಆಸನದ ಪಟ್ಟಿ ಬಿಗಿದರೆ ಅಪಘಾತದ ಹೊಡೆತಕ್ಕೆ ಜಾಕೆಟ್ ಒಳಗೊಳಗೇ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಜಾಕೆಟ್ ತೆಗೆದು, ಪಟ್ಟಿಯನ್ನು ಮೈಗೆ ಹತ್ತುವಂತೆ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಿ.