ಬಾಸ್ ಮೀನು ಹಿಡಿಯಲು ಪ್ಲಾಸ್ಟಿಕ್ ಹುಳುವನ್ನು ಗಾಳಕ್ಕೆ ಸಿಕ್ಕಿಸುವುದು ಹೇಗೆ?

ಅಮೆರಿಕದ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯಲು ಹೊರಟವರು ಮೊದಲು ಟೆಕ್ಸಾಸ್ ರಿಗ್ ಕಲಿಯುವುದೇ ಒಳ್ಳೆಯದು. ರಿಗ್ ಎಂದರೆ ದಾರಕ್ಕೆ ಗಾಳ, ಹುಳು ಮುಂತಾದವನ್ನು ಜೋಡಿಸುವ ರೀತಿ. ಬಾಸ್ ಜಾಸ್ತಿ ಇರುವುದು ಜೊಂಡು, ಮುಳುಗಿದ ಕೊಂಬೆಗಳ ನಡುವೆ ಅಲ್ವಾ? ಬರೀ ಗಾಳ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈ ರಿಗ್‌ನಲ್ಲಿ ಮೊನೆ ಹುಳುವಿನೊಳಗೇ ಅಡಗಿರುತ್ತದೆ.

ದಾರಕ್ಕೆ ಮೊದಲು 5–7 ಗ್ರಾಂನ ಬುಲೆಟ್ ತೂಕ (ಬಂದೂಕಿನ ಗುಂಡಿನ ಆಕಾರದ ತೂಕ) ಪೋಣಿಸಿ. ಚೂಪು ತುದಿ ರಾಡ್ (ಗಾಳದ ಕೋಲು) ಕಡೆಗಿರಲಿ. ಆಮೇಲೆ 3/0 ಅಳತೆಯ ಆಫ್‌ಸೆಟ್ ಗಾಳ (ದಾರ ಕಟ್ಟುವ ತುದಿಯ ಹತ್ತಿರ ಅಂಕುಡೊಂಕಾಗಿ ಬಾಗಿದ್ದು) ಕಟ್ಟಿ. ಮೊನೆಯನ್ನು ಹುಳುವಿನ ತಲೆಗೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಪಕ್ಕದಿಂದ ಹೊರತೆಗೆಯಿರಿ. ದಾರ ಕಟ್ಟಿದ ತುದಿ ತಲೆಯೊಳಗೆ ಸೇರುವವರೆಗೆ ಎಳೆದು, ಗಾಳವನ್ನು ಹುಳುವಿನ ಕಡೆಗೆ ತಿರುಗಿಸಿ. ಗಾಳದ ಬಾಗು ಹುಳುವಿನ ಮೇಲೆ ಎಲ್ಲಿಗೆ ಬರುತ್ತದೋ ನೋಡಿ, ಅಲ್ಲೇ ಮೊನೆ ತೂರಿಸಿ. ಹುಳು ನೆಟ್ಟಗಿರಲೇಬೇಕು. ಸ್ವಲ್ಪ ಸುಕ್ಕಾದರೂ ನೀರಲ್ಲಿ ಗಿರಗಿರ ತಿರುಗಿ ದಾರ ಹುರಿಗಟ್ಟುತ್ತದೆ. ಹಾಗಾದರೆ ಬಿಚ್ಚಿ ಮತ್ತೆ ಹಾಕಿ. ಮೀನು ಕಚ್ಚಿದಾಗ ರಾಡನ್ನು ಜೋರಾಗಿಯೇ ಎಳೆಯಿರಿ, ಮೊನೆ ಪ್ಲಾಸ್ಟಿಕ್ ದಾಟಿ ಬರಬೇಕಲ್ಲ.

ಗಿಡಗಂಟಿ ಇಲ್ಲದ ನೀರಾದರೆ ವ್ಯಾಕಿ ರಿಗ್ ಇನ್ನೂ ಸುಲಭ. 5 ಇಂಚಿನ ಸ್ಟಿಕ್ ಹುಳುವಿನ (ಕಡ್ಡಿಯಂತೆ ನೇರವಾದ ಪ್ಲಾಸ್ಟಿಕ್ ಹುಳು) ನಟ್ಟನಡುವೆ ಗಾಳ ಚುಚ್ಚಿದರಾಯಿತು, ತೂಕ ಬೇಡ. ಎರಡೂ ತುದಿ ಅಲುಗಾಡುತ್ತಾ ನಿಧಾನವಾಗಿ ಇಳಿಯುತ್ತದೆ. ಎಷ್ಟೋ ಸಲ ಬಾಸ್ ಕಚ್ಚುವುದು ಆಗಲೇ, ಹಾಗಾಗಿ ದಾರದ ಮೇಲೆ ಕಣ್ಣಿಡಿ.