ಪಿಎಚ್‌ಸಿಯಲ್ಲಿ ಮೊದಲ ವರ್ಷ: ಕಳಿಸಬೇಕಾ, ಇಲ್ಲೇ ನೋಡಬೇಕಾ?

ಎಂಬಿಬಿಎಸ್ ಕೊನೆಯ ಹೌಸ್ ಸರ್ಜನ್ಸಿ ಮುಗಿದಿದೆ, ಮುಂದಿನ ತಿಂಗಳು ಚಿಕ್ಕಮಗಳೂರು ಜಿಲ್ಲೆಯ ಒಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಬೇಕು, ಒಬ್ಬನೇ ನಿಭಾಯಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಭಯ ಹೊತ್ತುಕೊಂಡು ಮೂಡಿಗೆರೆ ತಾಲ್ಲೂಕಿಗೆ ಹೋದವಳು. ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆ, ತೆಂಗಿನ ತೋಟದ ಬಯಲಿನಲ್ಲಿ. ಮಳೆ ಅಂದರೆ ಏನು ಅಂತ ಗೊತ್ತಾಗಿದ್ದೇ ಅಲ್ಲಿ ಹೋದ ಮೇಲೆ.

ಓಪಿಡಿ (ಹೊರರೋಗಿಗಳನ್ನು ನೋಡುವುದು) ಬಗ್ಗೆ ಹೆದರಬೇಡಿ. ಬಿಪಿ, ಶುಗರ್, ಕೆಮ್ಮು, ಮಂಡಿನೋವು, ಕಾಲಿನ ಗಾಯ. ಒಂದು ತಿಂಗಳಲ್ಲಿ ಕೈ ಕುದುರುತ್ತದೆ. ನನಗೆ ಕಷ್ಟ ಆಗಿದ್ದು ಒಂದೇ ಒಂದು ಪ್ರಶ್ನೆ: ಇವರನ್ನು ಇಲ್ಲೇ ಇಟ್ಟುಕೊಂಡು ನೋಡಬೇಕಾ, ಈಗಲೇ ಕಳಿಸಬೇಕಾ? ಕಾಲೇಜಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಹೌಸ್ ಸರ್ಜನ್ಸಿ, ಅಷ್ಟೂ ದಿನ ನಾವು ಇರುವುದು ಎಲ್ಲರೂ ಕಳಿಸಿಕೊಡುವ ಆಸ್ಪತ್ರೆಯಲ್ಲಿ. ಅನುಮಾನ ಬಂದರೆ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್) ಇರುತ್ತಾರೆ, ಮೇಲೆ ಪ್ರೊಫೆಸರ್ ಇರುತ್ತಾರೆ, ಪಕ್ಕದ ಬಾಗಿಲೇ ಐಸಿಯು. ಪಿಎಚ್‌ಸಿಯಲ್ಲಿ ನೀವು, ಒಬ್ಬರು ಸಿಸ್ಟರ್, ಹೊರಗೆ ಮಳೆ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಅಂತ ಲೆಕ್ಕ, ಬಯಲಿನಲ್ಲಿ 30,000ಕ್ಕೆ. ಸಂಖ್ಯೆ ಕಡಿಮೆ ಅಂತ ಸಮಾಧಾನ ಪಡಬೇಡಿ. ಆ 20,000 ಜನ ಎಸ್ಟೇಟುಗಳಲ್ಲಿ, ಕೆಲಸದವರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ, ಜೀಪು ಮಾತ್ರ ಹೋಗುವ ರಸ್ತೆಗಳ ತುದಿಯಲ್ಲಿ ಚದುರಿ ಹೋಗಿರುತ್ತಾರೆ.

ನನ್ನಿಂದ ಆದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಅದು ಆಗಬಾರದು. ಹೋಗಿ ಮೂರನೇ ತಿಂಗಳು. ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಬಂದು, "ಗ್ಯಾಸ್ಟ್ರಿಕ್ ಆಗಿದೆ ಮೇಡಂ, ರಾತ್ರಿಯಿಂದ ಹೊಟ್ಟೆ ಮೇಲ್ಗಡೆ ಉರಿ, ಸುಸ್ತು" ಅಂದರು. ಶುಗರ್ ಇತ್ತು. ಸಾಲಿನಲ್ಲಿ ಇನ್ನೂ ಮೂವತ್ತು ಜನ ನಿಂತಿದ್ದರು. ಆಸಿಡಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದು ಕಳಿಸಿದೆ. ಸಂಜೆ ನಾಲ್ಕಕ್ಕೆ ಮಗ ಆಟೋದಲ್ಲಿ ಕರೆದುಕೊಂಡು ಬಂದಾಗ ಮೈಯೆಲ್ಲಾ ಬೆವರು. ಕವರ್ ಹಾಕಿಟ್ಟಿದ್ದ ಇಸಿಜಿ ಮಷಿನ್ ತೆಗೆದು ನೋಡಿದರೆ ಹಾರ್ಟ್ ಅಟ್ಯಾಕ್. ಆಸ್ಪಿರಿನ್ ಅಗಿಯಲು ಕೊಟ್ಟು, 108 ಕರೆಸಿ ಕಳಿಸಿದೆ. ಬದುಕಿಕೊಂಡರು. ಆದರೆ ಬೆಳಿಗ್ಗೆಯೇ ಆಗಬೇಕಿದ್ದ ಕೆಲಸಕ್ಕೆ ಆರೇಳು ಗಂಟೆ ತಡ ಮಾಡಿದ್ದು ನಾನು. ಸಕ್ಕರೆ ಕಾಯಿಲೆ ಇರುವವರಿಗೆ ಹಾರ್ಟ್ ಅಟ್ಯಾಕಿನಲ್ಲಿ ಎದೆನೋವು ಬರದೇ ಇರಬಹುದು ಅಂತ ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆ! ಅವರು ಗ್ಯಾಸ್ಟ್ರಿಕ್ ಅಂದರು, ನಾನೂ ಅದನ್ನೇ ನಂಬಿದೆ. ಮಾರನೇ ದಿನವೇ ಇಸಿಜಿ ಮಷಿನ್ನಿನ ಕವರ್ ತೆಗೆದು ನನ್ನ ಟೇಬಲ್ ಪಕ್ಕಕ್ಕೆ ತರಿಸಿಕೊಂಡೆ. ನಲವತ್ತು ದಾಟಿದ, ಶುಗರ್ ಇರುವ ಯಾರೇ ಗ್ಯಾಸ್ಟ್ರಿಕ್ ಅಂದರೂ ಮೊದಲು ಇಸಿಜಿ, ಆಮೇಲೆ ಚೀಟಿ. ಸಾಲು ಎಷ್ಟೇ ಉದ್ದ ಇರಲಿ, ಐದು ನಿಮಿಷದ ಕೆಲಸ ಅದು.

ಇನ್ನೊಂದು ರಾತ್ರಿ ಪುನರ್ವಸು ಮಳೆ ಹಿಡಿದಿತ್ತು. ಕರೆಂಟ್ ಹೋಗಿ ಎರಡು ದಿನ. ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಕೆಲಸದವನೊಬ್ಬನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಕಾಫಿ ಗಿಡದ ಬುಡದಲ್ಲಿ ಕಳೆ ತೆಗೆಯುವಾಗ ಕೈಗೆ ಹಾವು ಕಚ್ಚಿದೆ, ಹಾವು ನೋಡಿಲ್ಲ. ಮಣಿಕಟ್ಟಿನ ತನಕ ಊದಿತ್ತು, ಒಸಡಿನಲ್ಲಿ ಸಣ್ಣಗೆ ರಕ್ತ. ಅಸ್ಸಾಂ ಹುಡುಗ, ಕನ್ನಡ ಬರಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಎರಡು ಎಂಎಲ್ ರಕ್ತ ತೆಗೆದು ಹೊಸ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ ಕಿಟಕಿ ಕಟ್ಟೆ ಮೇಲೆ ನಿಲ್ಲಿಸಿದೆವು. 20 ನಿಮಿಷ ಅಲುಗಾಡಿಸಬಾರದು. ಟ್ಯೂಬು ಗಾಜಿನದೇ ಆಗಬೇಕು, ಒಣಗಿರಬೇಕು, ಸೋಪಿನ ನೀರಿನಲ್ಲಿ ತೊಳೆದದ್ದಾಗಿರಬಾರದು. ರಕ್ತ ಹೆಪ್ಪುಗಟ್ಟಲು ಶುರುವಾಗುವುದು ಗಾಜು ತಾಗಿದಾಗ. ಪ್ಲಾಸ್ಟಿಕ್ ಆದರೆ, ಸೋಪು ಉಳಿದಿದ್ದರೆ, ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟದೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಗಡಿಯಾರ ನೋಡುತ್ತಾ ಕೂತೆವು. 20 ನಿಮಿಷಕ್ಕೆ ಟ್ಯೂಬನ್ನು ವಾಲಿಸಿದರೆ ರಕ್ತ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟಿಲ್ಲ, ಅಂದರೆ ವಿಷ ಮೈಗೆ ಏರಿದೆ.

ಬೀರುವಿನಲ್ಲಿ ಹತ್ತು ವಯಲ್ ಹಾವಿನ ವಿಷದ ಔಷಧಿ ಇತ್ತು, ಪುಡಿ ರೂಪದ್ದು. ನಾನು ಗಾಬರಿಯಲ್ಲಿ ಒಂದು ವಯಲಿಗೆ ನೀರು ಹಾಕಿ ಜೋರಾಗಿ ಕುಲುಕಿದೆ. ಸಿಸ್ಟರ್ ನನ್ನ ಕೈ ಹಿಡಿದು, "ಕುಲುಕಬೇಡಿ ಮೇಡಂ, ನೊರೆ ಬರುತ್ತೆ, ಹೀಗೆ" ಅಂತ ಎರಡು ಅಂಗೈ ನಡುವೆ ಇಟ್ಟುಕೊಂಡು ಮೆಲ್ಲಗೆ ಹೊರಳಿಸಿ ತೋರಿಸಿದರು. ಹತ್ತನ್ನೂ ಹಾಗೆ ಕರಗಿಸಿ, ಸಲೈನಿಗೆ ಸೇರಿಸಿ, ಅಲರ್ಜಿ ಆದರೆ ಇರಲಿ ಅಂತ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡು ಶುರು ಮಾಡಿದೆವು. ಅವರು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ನಿಮ್ಮಲ್ಲೂ ಅಂಥ ಸಿಸ್ಟರ್ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕೇಳಿ ಮಾಡಿ. ನಾಚಿಕೆ ಬೇಡ.

ಔಷಧಿ ಹಾಕಿದ ಮೇಲೆ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಮಲೆನಾಡಿನಲ್ಲಿ ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ: ನಮ್ಮ ಔಷಧಿ ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕಾಫಿ ತೋಟದಲ್ಲಿ ಗುಳಿಮಂಡಲಗಳೂ ಇರುತ್ತವೆ, ಅವುಗಳಿಗೆ ಇದು ನಾಟುವುದಿಲ್ಲ. ಮಂಡಲದ ವಿಷಕ್ಕೆ ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಬೇಕು. ಡ್ರಿಪ್ ಹರಿಯುತ್ತಿರುವಾಗಲೇ ಜಿಲ್ಲಾಸ್ಪತ್ರೆಗೆ ಕಳಿಸಿದೆವು, ಜೊತೆಯಲ್ಲಿ ಸಿಸ್ಟರ್ ಹೋದರು. ದಾರಿಯಲ್ಲಿ ಮರ ಬಿದ್ದು ಮುಕ್ಕಾಲು ಗಂಟೆ ನಿಂತಿತ್ತು ಗಾಡಿ. ಹನ್ನೆರಡು ದಿನ ಬಿಟ್ಟು ಆ ಹುಡುಗ ರೈಟರ್ ಜೊತೆ ಬಂದು ಕೈಯ ಐದೂ ಬೆರಳು ಮಡಚಿ, ಬಿಡಿಸಿ ತೋರಿಸಿದ. ಅವತ್ತಿನ ಸಂತೋಷ ಇನ್ನೂ ನನ್ನ ಜೊತೆಗಿದೆ.

ಜ್ವರದ ಬಗ್ಗೆಯೂ ಕೇಳಿದ್ದೀರಿ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಇಲಿ ಜ್ವರ ಯೋಚಿಸಿ. ಡಿಸೆಂಬರಿನಿಂದ ಮೇ ತನಕ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆ ಇದ್ದರೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ಉಣುಗು ಕಚ್ಚಿ ಬರುವುದು. ಅದಕ್ಕೇ ಅಂತ ಔಷಧಿ ಇಲ್ಲ. ಬೇಗ ಗುರುತಿಸಿ ಕಳಿಸಿದರೆ ಹೆಚ್ಚಿನವರು ಉಳಿಯುತ್ತಾರೆ. "ಜ್ವರ ಎಷ್ಟು ದಿನದಿಂದ" ಅಂತ ಮಾತ್ರ ಕೇಳಿದರೆ ಸಾಲದು. ಕೊಟ್ಟಿಗೆಗೆ ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗಿದ್ರಾ, ಆ ಕಡೆ ಮಂಗ ಸತ್ತಿದ್ದು ಕಂಡಿತ್ತಾ ಅಂತ ಕೇಳಿ. ಹೇಳದಿದ್ದರೆ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅನ್ನೋದು ನಮಗಿಂತ ಮೊದಲು ತಿಳಿಯುವುದು ಅವರಿಗೆ. ರಕ್ತಸ್ರಾವ ಆಗುವ ಜ್ವರ ಇರಬಹುದು ಅನ್ನಿಸಿದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ.

ಸುಮ್ನೆ ಕಳಿಸಿದರೆ "ಈ ಡಾಕ್ಟ್ರಿಗೆ ಏನೂ ಬರಲ್ಲ" ಅಂತ ಊರವರು ಅಂದುಕೊಳ್ಳುತ್ತಾರಾ ಅಂತ ಕೇಳಿದ್ದೀರಲ್ಲ, ಕೆಲವರು ಅಂದುಕೊಳ್ಳುತ್ತಾರೆ. ಯಾಕೆ ಕಳಿಸುತ್ತಿದ್ದೀರಿ ಅಂತ ಮನೆಯವರನ್ನು ಕೂರಿಸಿ ಎರಡು ಮಾತು ಹೇಳಿ. ಕಳಿಸಿದ ಮೇಲೆ ರಾತ್ರಿ ಒಂದು ಫೋನ್ ಮಾಡಿ ಹೇಗಿದ್ದಾರೆ ಅಂತ ವಿಚಾರಿಸಿ. ನನ್ನ ಅನುಭವದಲ್ಲಿ ಆ ಫೋನಿಗೆ ಸಿಗುವ ಮರ್ಯಾದೆ ಯಾವ ಇಂಜೆಕ್ಷನ್ನಿಗೂ ಸಿಗಲ್ಲ.

ಹೋದ ಮೊದಲ ವಾರದಲ್ಲೇ ಮಾಡಿಕೊಳ್ಳಬೇಕಾದ ಕೆಲಸ ಒಂದಿದೆ. ಆಂಬುಲೆನ್ಸ್ ಡ್ರೈವರ್ ಪಕ್ಕ ಕೂತು, ನಿಮ್ಮ ಪಿಎಚ್‌ಸಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಒಂದ್ಸಲ ಹೋಗಿ ಬನ್ನಿ. ಮಳೆ ಬರುತ್ತಿರುವ ದಿನವೇ ಹೋಗಿ. ಎಲ್ಲಿ ನೆಟ್‌ವರ್ಕ್ ಸಿಗಲ್ಲ, ಯಾವ ಹಳ್ಳ ತುಂಬಿದರೆ ರಸ್ತೆ ಕಟ್ಟಾಗುತ್ತದೆ, ಒಟ್ಟು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದುಕೊಂಡು ಬಂದು ಲೇಬರ್ ರೂಮಿನ (ಹೆರಿಗೆ ಕೋಣೆಯ) ಗೋಡೆಗೆ ಅಂಟಿಸಿ.